ಹ್ಯಾಟೆ ಕೋಳಿ ಮಗಳ ಮೇಲೆ ಎಗರುತ್ತಿದೆ, ಏನು ಮಾಡಲಿ?

ಹಿತ್ತಲ ಮನೆ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಮ್ಮನೆ ಮಂಡ್ಯ ಪಕ್ಕದ ಹಳ್ಳಿಯಲ್ಲಿ, ನಾಲೆ ಏರಿಗೆ ಹತ್ತಿರ. ಮನೆಯಲ್ಲಿ ನಾನು, ನಮ್ಮೆಜಮಾನರು, ಅತ್ತೆ, ನಾಲ್ಕು ವರ್ಷದ ಮಗಳು. ಎರಡು ನಾಟಿ ಹ್ಯಾಟೆ ಇವೆ, ಕೆಂಪಿ ಮತ್ತು ಚುಕ್ಕಿ. ಹೋದ ವರ್ಷ ಅತ್ತೆ ಮದ್ದೂರು ಸಂತೆಯಿಂದ ತಂದಾಗ ಅಂಗೈಯಲ್ಲಿ ಹಿಡಿಯುವಷ್ಟಿದ್ದವು. ನುಚ್ಚು ಹಾಕಿ ಬೆಳೆಸಿದ್ದೇ ನನ್ನ ಮಗಳು.

ಈಗ ಒಂದು ತಿಂಗಳಿಂದ ಕೆಂಪಿ ಮೊದಲಿನ ಹಾಗಿಲ್ಲ. ಸೌದೆ ಒಟ್ಟಿರುವ ಮೂಲೆಯಲ್ಲಿ, ಹಳೇ ಗೋಣಿಚೀಲದ ಮೇಲೆ ಕೂತೇ ಇರುತ್ತದೆ. ಹತ್ತಿರ ಹೋದರೆ ಮೈಯೆಲ್ಲ ಉಬ್ಬಿಸಿಕೊಂಡು ಗುರ್ ಅನ್ನುತ್ತದೆ. ಮೊನ್ನೆ ಭಾನುವಾರ ಮಗಳು ಚೆಂಡು ಎತ್ತಿಕೊಳ್ಳಲು ಅಲ್ಲಿಗೆ ಹೋಗಿ ಬಗ್ಗಿದಳು. ಎಗರಿ ಕೆನ್ನೆಗೆ ಕುಕ್ಕಿತು. ಕಣ್ಣಿಂದ ಒಂದು ಬೆರಳು ಕೆಳಗೆ, ರಕ್ತ ಬಂತು. ನನ್ನ ಕೈಕಾಲು ಈಗಲೂ ನಡುಗುತ್ತದೆ. ಅವತ್ತಿಂದ ಅವಳು ಹಿತ್ತಲಿಗೆ ಕಾಲಿಟ್ಟಿಲ್ಲ. "ಕೆಂಪಿಗೆ ನನ್ನ ಕಂಡ್ರೆ ಯಾಕಮ್ಮ ಕೋಪ?" ಅಂತ ದಿನಾ ಕೇಳುತ್ತಾಳೆ.

ಚುಕ್ಕಿಯದು ಬೇರೆ ಥರ. ಉಬ್ಬಿಸುವುದು, ಗುರ್ ಅನ್ನುವುದು ಏನೂ ಇಲ್ಲ. ಸುಮ್ನೆ ನಡೆದು ಬಂದು ಮಗಳ ಕಾಲಿಗೆ, ನನ್ನ ಕಾಲಿಗೆ ಕುಕ್ಕುತ್ತದೆ. ಅತ್ತೆಗೆ ಒಂದು ಸಲವೂ ಕುಕ್ಕಿಲ್ಲ.

ನಮ್ಮೆಜಮಾನರು ಕೊಯ್ದುಬಿಡೋಣ ಅಂತಾರೆ. ಅತ್ತೆ ಪೊರಕೆಯಲ್ಲಿ ಎರಡು ಬಿಡು ಅಂತಾರೆ. ಪೊರಕೆ ತೋರಿಸಿದರೆ ಕೆಂಪಿ ಇನ್ನೂ ಜಾಸ್ತಿ ಎಗರುತ್ತದೆ. ಕೋಳಿ ಸಾಕಿ ಗೊತ್ತಿರುವವರು ದಯವಿಟ್ಟು ಹೇಳಿ.

ಕಬ್ಬಿನ ಗದ್ದೆ, ಪಾಂಡವಪುರ

ಮೇಡಂ, ಮಗುವಿನ ಕಣ್ಣು ಮುಖ್ಯ. ನಮ್ಮಲ್ಲೊಂದು ಹುಂಜ ಅಣ್ಣನ ಮಗನ ಮಂಡಿಗೆ ಕಾಲಿನ ಮುಳ್ಳಲ್ಲಿ ಹೊಡೆದಿತ್ತು. ಮಾರನೇ ದಿನವೇ ಮಾರಿದೆವು. ನೀವೂ ಯಾರಿಗಾದರೂ ಕೊಟ್ಟುಬಿಡಿ.

ಕೋಳಿ ಅಕ್ಕ, ತಿ. ನರಸೀಪುರ

ಕೊಡುವ ಮೊದಲು ಒಂದು ಹೇಳಮ್ಮ. ಕೆಂಪಿ ಹೊಟ್ಟೆ ಕೆಳಗೆ ಮೊಟ್ಟೆ ಇದೆಯಾ? ಮನೆಯಲ್ಲಿ ಹುಂಜ ಇದೆಯಾ?

ಹಿತ್ತಲ ಮನೆ, ಮಂಡ್ಯ

ಮೊಟ್ಟೆ ಇವೆ ಅಕ್ಕ, ಹತ್ತೋ ಹನ್ನೊಂದೋ. ತೆಗೆಯಲು ಬಿಡುವುದಿಲ್ಲ. ಹುಂಜ ಒಂದಿತ್ತು, ಯುಗಾದಿ ಮಾರನೇ ದಿನ ಹೊಸತೊಡಕಿಗೆ ಕೊಯ್ದೆವು. ಆಗಲೇ ಎರಡು ತಿಂಗಳು ದಾಟಿತು.

ಕೋಳಿ ಅಕ್ಕ, ತಿ. ನರಸೀಪುರ

ಹಾಗಾದರೆ ಕೆಂಪಿ ಕೆಟ್ಟ ಕೋಳಿ ಅಲ್ಲ ಕಣಮ್ಮ. ಕಾವಿಗೆ ಕೂತಿದೆ. ಮರಿ ಆಗಲು 21 ದಿನ ಸಾಕು. ಆದರೆ ಹುಂಜ ಇಲ್ಲದೆ ಇಟ್ಟ ಮೊಟ್ಟೆ ಎಷ್ಟು ಕಾವು ಕೊಟ್ಟರೂ ಮರಿ ಆಗುವುದಿಲ್ಲ. ಹುಂಜ ಹೋದ ಮೇಲೂ ಎರಡು ವಾರ ಇಡುವ ಮೊಟ್ಟೆಯಲ್ಲಿ ಮರಿ ಬರಬಹುದು, ನಿಮ್ಮದು ಅದನ್ನೂ ದಾಟಿದೆ. ಪಾಪ, ಬಾರದ ಮರಿಗೆ ಕಾಯುತ್ತಾ ಕೂತಿದೆ. ಕಾವಿನ ಕೋಳಿಗೆ ಹತ್ತಿರ ಬಂದವರೆಲ್ಲ ಮೊಟ್ಟೆ ಕದಿಯುವವರೇ. ನಿಮ್ಮ ಮಗಳು ಬಗ್ಗಿದಾಗ ಅವಳ ಮುಖ ಅದರ ಕೊಕ್ಕಿನ ಎತ್ತರಕ್ಕೇ ಬಂದಿದೆ. ಕಣ್ಣು ಹೊಳೆಯುತ್ತದೆ ನೋಡು, ಕೋಳಿ ಅಲ್ಲಿಗೇ ಕುಕ್ಕುತ್ತದೆ.

ಮೊದಲು ರಾತ್ರಿ ಕತ್ತಲಲ್ಲಿ ಹೋಗಿ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದು ಕಮ್ಮಿ, ಎಗರುವುದಿಲ್ಲ. ಉದ್ದ ತೋಳಿನ ಅಂಗಿ ಹಾಕಿಕೊಂಡು, ಎರಡು ರೆಕ್ಕೆ ಸೇರಿಸಿ ಮೈಗೆ ಒತ್ತಿ ಎತ್ತಿಕೊಳ್ಳಿ. ಮೊಟ್ಟೆಗೆ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಮರಿ ಕಟ್ಟಿದ್ದರೆ ಒಂದು ವಾರಕ್ಕೇ ಕೆಂಪು ನರ ಕಾಣುತ್ತದೆ. ಇಲ್ಲದಿದ್ದರೆ ಎಲ್ಲ ತೆಗೆದುಬಿಡಿ. ಹುಷಾರು, ತಿಂಗಳು ಕಾವು ಕಂಡ ಮೊಟ್ಟೆ ಕೈಯಲ್ಲೇ ಒಡೆಯುತ್ತದೆ, ವಾಸನೆ ತಡೆಯಲು ಆಗಲ್ಲ.

ಆಮೇಲೆ ಕಾವು ಬಿಡಿಸಬೇಕು. ನಮ್ಮತ್ತೆ ಬಕೆಟ್ ನೀರಿಗೆ ಅದ್ದುತ್ತಿದ್ದರು. ನಾನೂ ಹಾಗೇ ಮಾಡಿ, ಮಳೆಗಾಲದಲ್ಲಿ ಒಂದು ಒಳ್ಳೆಯ ಹ್ಯಾಟೆ ಕಳೆದುಕೊಂಡೆ. ನೀವು ಅದನ್ನು ಮಾಡಬೇಡಿ. ಮಂಕರಿ ಕವುಚಿ ಹಾಕುವುದೂ ಬೇಡ. ಮಂಕರಿ ಕೆಳಗೆ ಕತ್ತಲು, ಬೆಚ್ಚಗೆ. ಅಲ್ಲೇ ಮತ್ತೆ ಕಾವಿಗೆ ಕೂರುತ್ತದೆ. ಎರಡು ಟೊಮೆಟೊ ಕ್ರೇಟ್ ತನ್ನಿ. ಒಂದನ್ನು ನಾಲ್ಕು ಇಟ್ಟಿಗೆ ಮೇಲಿಡಿ, ಕೋಳಿ ಬಿಟ್ಟು ಇನ್ನೊಂದನ್ನು ಬೋರಲು ಹಾಕಿ ಕಟ್ಟಿ. ಒಳಗೆ ಹುಲ್ಲು, ಗೋಣಿ ಏನೂ ಬೇಡ. ಹೊಟ್ಟೆ ಕೆಳಗೆ ಗಾಳಿ ಆಡಬೇಕು, ಬೆಳಕಿರಬೇಕು, ಬಿಸಿಲು ಬಡಿಯಬಾರದು. ನೀರು, ಕಾಳು ಯಾವಾಗಲೂ ಇರಲಿ. ಮೂರು ನಾಲ್ಕು ದಿನಕ್ಕೆ ಕಾವು ಇಳಿಯುತ್ತದೆ. ಬಿಟ್ಟ ಮೇಲೆ ಓಡಿ ಹೋಗಿ ಅದೇ ಮೂಲೆಯಲ್ಲಿ ಕೂತರೆ ಇನ್ನೆರಡು ದಿನ ಹಾಕಿ. ಮೊಟ್ಟೆ ಮತ್ತೆ ಶುರುವಾಗಲು ಎರಡು ಮೂರು ವಾರ ಬೇಕು.

ಬೇರೆ ಕಡೆಯಿಂದ ಮರಿ ತಂದು ರಾತ್ರಿ ಹೊಟ್ಟೆ ಕೆಳಗೆ ಬಿಟ್ಟರೆ ಸಾಕುತ್ತದೆ. ಆದರೆ ಮರಿ ತಾಯಿ ಇದಕ್ಕಿಂತ ಜೋರು, ಹದ್ದಿಗೂ ಹೆದರಲ್ಲ. ಮಗು ಶಾಲೆಗೆ ಹೋಗುವಷ್ಟು ದೊಡ್ಡದಾಗಲಿ, ಆಗ ಮರಿ ಮಾಡಿಸಿ.

ಪೊರಕೆ ಮಾತ್ರ ಎತ್ತಬೇಡಿ. ನಿಮ್ಮತ್ತೆಗೂ ಹೇಳಿ. ಪೆಟ್ಟು ತಿಂದ ಕೋಳಿ ಮನುಷ್ಯರನ್ನು ಕಂಡರೇ ಹೆದರುತ್ತದೆ, ಹೆದರಿದ್ದು ಎಗರುತ್ತದೆ.

ಚುಕ್ಕಿ ವಿಷಯ: ಮಗಳ ಕಾಲಲ್ಲಿ ಗೆಜ್ಜೆ, ನಿಮ್ಮ ಕಾಲಲ್ಲಿ ಉಂಗುರ ಇದೆ ಅಲ್ವಾ? ಹೊಳೆಯುವುದೆಲ್ಲ ಅದಕ್ಕೆ ಕಾಳೋ ಹುಳುವೋ ಅನ್ನಿಸುತ್ತದೆ. ಅದು ಕೋಪ ಅಲ್ಲ.

ನಂಜನಗೂಡು ನರ್ಸ್

ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ ಚೆನ್ನಾಗಿ ತೊಳೆದಿದ್ದೀರಾ? ತಾಯಿ ಕಾರ್ಡಿನಲ್ಲಿ ಒಂದೂವರೆ ವರ್ಷದ ಡಿಪಿಟಿ ಬೂಸ್ಟರ್ (ಧನುರ್ವಾಯುವನ್ನೂ ತಡೆಯುವ ಚುಚ್ಚುಮದ್ದು) ಆಗಿದೆಯಾ ನೋಡಿ. ಆಗಿಲ್ಲದಿದ್ದರೆ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಊದಿಕೊಂಡರೆ, ಕೀವು ಕಂಡರೆ ತಡ ಮಾಡಬೇಡಿ. ಕಣ್ಣಿಗೇ ತಾಗಿದ್ದರೆ ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಬೇಕು. ಕೋಳಿ ಕುಕ್ಕಿದರೆ ಹುಚ್ಚು ಹಿಡಿಯುತ್ತಾ ಅಂತ ತುಂಬ ಜನ ಕೇಳುತ್ತಾರೆ. ಇಲ್ಲ, ರೇಬಿಸ್ ನಾಯಿ, ಬೆಕ್ಕಿನಂಥ ಮೊಲೆ ಕುಡಿಸುವ ಪ್ರಾಣಿಗಳಿಂದ ಬರುತ್ತದೆ. ಮಗು ಕೋಳಿ ಮುಟ್ಟಿದ ಮೇಲೆ ಮಾತ್ರ ಪ್ರತಿ ಸಲ ಕೈ ತೊಳೆಸಿ.

ಹಿತ್ತಲ ಮನೆ, ಮಂಡ್ಯ

ಒಂಬತ್ತು ದಿನ ಆಯಿತು, ಹೇಳಬೇಕು ಅನ್ನಿಸಿತು. ಬೂಸ್ಟರ್ ಆಗಿತ್ತು. ಗಾಯ ಒಣಗಿದೆ. ಮೊಟ್ಟೆ ಹನ್ನೊಂದಿದ್ದವು, ಒಂದರಲ್ಲೂ ನರ ಕಾಣಲಿಲ್ಲ. ತೆಂಗಿನ ಬುಡದಲ್ಲಿ ಹೂತೆವು. ಗೋಣಿಚೀಲ ಎತ್ತಿದರೆ ತುಂಬ ಕೋಳಿ ಹೇನು, ಅದನ್ನು ಸುಟ್ಟೆವು. ಕ್ರೇಟಿನಲ್ಲಿ ಕೆಂಪಿ ನಾಲ್ಕು ದಿನ ಇತ್ತು. ಬಿಟ್ಟ ತಕ್ಷಣ ಸೌದೆ ಮೂಲೆಗೇ ಓಡಿತು, ಅಕ್ಕ ಹೇಳಿದ ಹಾಗೆ ಇನ್ನೆರಡು ದಿನ ಹಾಕಿದೆವು. ಈಗ ಚುಕ್ಕಿ ಜೊತೆ ನುಗ್ಗೆ ಮರದ ಕೆಳಗೆ ಮಣ್ಣು ಕೆದರುತ್ತಿದೆ. ಸೌದೆ ಮೂಲೆಗೆ ನಮ್ಮೆಜಮಾನರೇ ಜಾಲರಿ ಕಟ್ಟಿದರು.

ಅತ್ತೆಗೆ ಕಾಲುಂಗುರ ಇಲ್ಲ ಅಕ್ಕ, ಮಾವ ಹೋದ ಮೇಲೆ ತೆಗೆದರು. ನೀವು ಹೇಳುವವರೆಗೆ ನನಗೆ ಅದು ಹೊಳೆದೇ ಇರಲಿಲ್ಲ. ಹಿತ್ತಲಿಗೆ ಹೋಗುವಾಗ ಮಗಳ ಗೆಜ್ಜೆ ಬಿಚ್ಚಿ ಕಾಲುಚೀಲ ಹಾಕುತ್ತೇನೆ.

ಕೆಂಪಿ ಮರಿಗೆ ಕಾಯುತ್ತಿತ್ತು ಅಂತ ಮಗಳಿಗೆ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದಳು. ಇವತ್ತು ಬೆಳಿಗ್ಗೆ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ನಿಂತು, ಕೆಳಗಿಳಿಯದೆ, ಒಂದು ಹಿಡಿ ನುಚ್ಚು ಎರಚಿದಳು.