ಫೂರಿಯರ್ ಲೆಕ್ಕ ಬರುತ್ತೆ, ಅರ್ಥ ಆಗ್ತಿಲ್ಲ. ನಿಮಗೆ ಹೇಗೆ ಹತ್ತಿತು?

ಹಾಸನ, ಐದನೇ ಸೆಮಿಸ್ಟರ್: ಫೂರಿಯರ್ ಟ್ರಾನ್ಸ್‌ಫಾರ್ಮ್ ಲೆಕ್ಕ ಮಾಡಿ ಮಾರ್ಕ್ಸ್ ತಗೋತೀನಿ. ಸದ್ದನ್ನೋ ಚಿತ್ರವನ್ನೋ ಬೇರೆಬೇರೆ ಅಲೆಗಳಾಗಿ ಬಿಡಿಸುತ್ತೆ ಅಂತಾರೆ. ಆ ಇಂಟಿಗ್ರಲ್ ಏನು ಮಾಡ್ತಿದೆ ಅಂತ ಯಾರಾದರೂ ಕೇಳಿದರೆ ಬಾಯಿ ಕಟ್ಟುತ್ತೆ. ಆಡಿಯೋ, ಫೋಟೋ ಕೆಲಸದಲ್ಲಿ ಬಳಸಿದವರು ಹೇಳಿ.

ಚಿಕ್ಕಮಗಳೂರು, ಮೈಕ್‌ಸೆಟ್: ಒಂದು ಹರಿಕಥೆ ರೆಕಾರ್ಡಿಂಗ್ ತುಂಬಾ ಗುಂಯ್ ಅನ್ನೋ ಸದ್ದು. ಆಡಿಯೋ ಎಡಿಟ್ ಮಾಡೋ ಆಡಾಸಿಟಿಯಲ್ಲಿ ಸ್ಪೆಕ್ಟ್ರಮ್ (ಯಾವ ಕಂಪನ ಎಷ್ಟಿದೆ ಅನ್ನೋ ಚಿತ್ರ) ತೆಗೆದರೆ 50 ಹರ್ಟ್ಸ್‌ನಲ್ಲಿ ಒಂದು ಕೋಲು, 100, 150ರಲ್ಲಿ ಇನ್ನೆರಡು. ನಮ್ಮ ಕರೆಂಟೇ 50 ಹರ್ಟ್ಸ್, ಅರ್ಥಿಂಗ್ ಕೈಕೊಟ್ಟಿತ್ತು. ಆ ಮೂರಕ್ಕೇ ನಾಚ್ ಫಿಲ್ಟರ್, ಅಂದರೆ ಆ ಕಂಪನ ಮಾತ್ರ ಕತ್ತರಿಸೋದು, ಹಾಕಿದೆ. ದನಿ ಒಂಚೂರು ತೆಳುವಾಯ್ತು ಅಂತ ನನಗನಿಸಿತು, ದಾಸರಿಗೆ ಗೊತ್ತಾಗಲಿಲ್ಲ.

ಬೇಲೂರು, ಸ್ಟುಡಿಯೋ: ಹಳೇ ಪೇಪರಿನ ಫೋಟೋ ಸ್ಕ್ಯಾನ್ ಮಾಡಿದರೆ ಅಚ್ಚಿನ ಚುಕ್ಕಿಗಳೂ ಬರ್ತವಲ್ಲ, ಅವು ಒಂದೇ ಅಂತರದಲ್ಲಿರೋದ್ರಿಂದ ಟ್ರಾನ್ಸ್‌ಫಾರ್ಮ್‌ನಲ್ಲಿ ನಡುವಿನ ಬೆಳಕಿನ ಸುತ್ತ ನಾಲ್ಕಾರು ನಕ್ಷತ್ರದ ಹಾಗೆ ಕಾಣ್ತವೆ. ಅವನ್ನು ಕಪ್ಪು ಮಾಡಿ ವಾಪಸ್ ತಿರುಗಿಸಿದರೆ ಮುಖ ಚೊಕ್ಕ. ನಟ್ಟನಡುವಿನ ಬಿಂದು ಮಾತ್ರ ಮುಟ್ಟಬೇಡಿ. ಅದು ಇಡೀ ಚಿತ್ರದ ಸರಾಸರಿ ಬೆಳಕು. ಅದನ್ನೂ ಒರೆಸಿ ಗಿರಾಕಿಯ ತಾತನನ್ನು ಕತ್ತಲೆಗೆ ತಳ್ಳಿದ್ದೆ. ಅಭ್ಯಾಸಕ್ಕೆ ನಮ್ಮ ದೇವಸ್ಥಾನದ ಜಾಲಂಧ್ರದ (ಕಲ್ಲಿನ ಜಾಲರಿ) ಫೋಟೋ ತಗೊಳ್ಳಿ, ಚೆನ್ನಾಗಿ ಬರುತ್ತೆ. ಅಂದಹಾಗೆ ಜೆಪೆಗ್ ಒಳಗಿರೋದು ಇದರ ತಮ್ಮ, ಡಿಸಿಟಿ, ಬರೀ ಕೊಸೈನ್ ಅಲೆಗಳಿಂದ ಮಾಡೋ ಟ್ರಾನ್ಸ್‌ಫಾರ್ಮ್. 1974ರಲ್ಲಿ ಅದನ್ನು ಪ್ರಕಟಿಸಿದ ಮೂವರಲ್ಲಿ ನಾಸಿರ್ ಅಹ್ಮದ್ ಬೆಂಗಳೂರಲ್ಲಿ ಹುಟ್ಟಿದವರು.

ಅರಸೀಕೆರೆ, ನಿವೃತ್ತ ಮೇಷ್ಟ್ರು: ಇಂಟಿಗ್ರಲ್ ಬಗ್ಗೆ ಯಾರೂ ಹೇಳಲಿಲ್ಲ. ಮರಿ, ಅದು ಬರೀ ಗುಣಾಕಾರ, ಆಮೇಲೆ ಕೂಡೋದು. ಸದ್ದನ್ನು 50 ಹರ್ಟ್ಸ್ ಸೈನ್ ಅಲೆಯಿಂದ ಬಿಂದುಬಿಂದುವಾಗಿ ಗುಣಿಸಿ ಕೂಡು. ಸದ್ದಿನಲ್ಲಿರೋದು 70 ಮಾತ್ರ ಆದರೆ ಪ್ಲಸ್ಸು ಮೈನಸ್ಸು ವಜಾ ಆಗಿ ಸೊನ್ನೆ. 50 ಇದ್ದರೆ ಮೊತ್ತ ನಿಲ್ಲುತ್ತೆ. ಅಲೆ ಕಾಲು ಸುತ್ತು ಸರಿದಿದ್ದರೆ ಸೈನ್ ಒಂದೇ ಮೋಸ ಮಾಡುತ್ತೆ, ಅದಕ್ಕೇ ಕೊಸೈನ್‌ನಿಂದಲೂ ಗುಣಿಸೋದು. ಪುಸ್ತಕದ ಕಾಂಪ್ಲೆಕ್ಸ್ ಎಕ್ಸ್‌ಪೊನೆನ್ಶಿಯಲ್ ಅಂದರೆ ಆ ಜೋಡಿಯೇ. 8 ಬಿಂದು ಇಟ್ಕೊಂಡು ಕೈಯಲ್ಲೇ ಮಾಡಿ ನೋಡು. ಕಂಪ್ಯೂಟರಿಗೆ ಇದನ್ನೇ ಬೇಗ ಮಾಡೋ 1965ರ ಕೂಲಿ-ಟ್ಯೂಕಿ ದಾರಿ ಇದೆ, ಅದು ಆಮೇಲೆ.

ಹಾಸನ, ಐದನೇ ಸೆಮಿಸ್ಟರ್: ಮೇಷ್ಟ್ರೇ, ಮಾಡಿದೆ. ಒಂದು ಸುತ್ತಿನ ಸೈನ್ ತಗೊಂಡೆ. ಅದರಿಂದಲೇ ಗುಣಿಸಿದರೆ 4, ಎರಡು ಸುತ್ತಿನದಕ್ಕೆ 0, ಕೊಸೈನ್‌ಗೂ 0. ಆದರೆ ಏಳು ಸುತ್ತಿನದಕ್ಕೆ ಮೈನಸ್ 4 ಬರ್ತಿದೆ. ಎಲ್ಲಿ ತಪ್ಪಿದೆ?

ಅರಸೀಕೆರೆ, ನಿವೃತ್ತ ಮೇಷ್ಟ್ರು: ತಪ್ಪಿಲ್ಲ. 8 ಬಿಂದುವಿನಲ್ಲಿ ಏಳು ಸುತ್ತು, ಒಂದು ಸುತ್ತು ತಲೆಕೆಳಗಾದ ಹಾಗೇ ಕಾಣುತ್ತೆ. ಸೀಡಿಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್ ಇದ್ದರೂ 22,050 ಹರ್ಟ್ಸ್ ಆಚೆಗಿನ ಸದ್ದು ಹಿಡಿಯೋಕಾಗಲ್ಲ, ಯಾಕೆ ಅಂತ ಈಗ ನೀನೇ ಹೇಳು.