ಒಳಾಂಗಣ ಕ್ರಿಕೆಟ್‌: ಸೋತವರಿಗೂ ಅಂಕ ಹೇಗೆ?

ಪ್ರಶ್ನೆ (ಕಲಬುರಗಿ): ಬಿಸಿಲಿಗೆ ಹೆದರಿ ಒಳಾಂಗಣ ಲೀಗ್ ಸೇರಿದ ನಮ್ಮ ತಂಡ ಭಾನುವಾರ 11 ರನ್‌ಗಳಿಂದ ಸೋತಿತು, ಆದರೂ ಪಟ್ಟಿಯಲ್ಲಿ ನಮಗೆ 2 ಅಂಕಗಳಿವೆ. ನಾನಂತೂ ಮೂರು ಸಲ ಔಟಾದರೂ ಆಡುತ್ತಲೇ ಇದ್ದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಬೀದರ್): ಸಾಮಾನ್ಯ ನಿಯಮದಂತೆ ತಂಡಕ್ಕೆ 8 ಆಟಗಾರರು, ಇನಿಂಗ್ಸ್‌ಗೆ 16 ಓವರ್‌ಗಳು; ಪ್ರತಿ ಜೋಡಿ 4 ಓವರ್‌ಗಳನ್ನು ಪೂರ್ತಿ ಆಡುತ್ತದೆ. ಔಟಾದವರು ಹೊರನಡೆಯುವುದಿಲ್ಲ, ಪ್ರತಿ ಸಲವೂ 5 ರನ್ ಕಳೆದುಕೊಳ್ಳುತ್ತಾರೆ. ಎದುರಾಳಿಯ ಅದೇ ಕ್ರಮಾಂಕದ ಜೋಡಿಗಿಂತ ಹೆಚ್ಚು ರನ್ ಗಳಿಸಿದ ಜೋಡಿಗೆ 1 ಅಂಕ, ಪಂದ್ಯ ಗೆದ್ದ ತಂಡಕ್ಕೆ 3 ಅಂಕ ಕೊಡುವ ಪದ್ಧತಿ ಇರುವುದರಿಂದ, ನಿಮ್ಮ ಎರಡು ಜೋಡಿಗಳು ಮೇಲುಗೈ ಸಾಧಿಸಿರಬೇಕು.

ಉತ್ತರ (ಯಾದಗಿರಿ): ಬೌಲರ್ ಹಿಂದಿನ ಬಲೆಗೆ ಚೆಂಡು ನೇರವಾಗಿ ಬಡಿದರೆ 6, ಪುಟಿದು ಬಡಿದರೆ 4 ಎಂಬುದನ್ನೂ ಗಮನದಲ್ಲಿಡಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಸೋಲಿನ ಅಂತರ 11, ನಾನೊಬ್ಬನೇ ಕಳೆದದ್ದು 15. ನಮ್ಮ ನಾಯಕರು ಇದನ್ನು ಓದದಿರಲಿ.