ಹಳೇ ಗ್ರೀಟಿಂಗ್ ಕಾರ್ಡುಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ತೋರಿಸಬೇಕು, ಎಲ್ಲಿಂದ ಶುರು ಮಾಡಲಿ?

ಮರದಪೆಟ್ಟಿಗೆ:

ದೊಡ್ಡಮ್ಮ ತೀರಿಕೊಂಡ ಮೇಲೆ ಅವರ ಗ್ರೀಟಿಂಗ್ ಕಾರ್ಡುಗಳ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಕೂತು ಎಣಿಸಿದೆ, 1,140 ಇವೆ. ಮುಕ್ಕಾಲು ಪಾಲು ವಿಕ್ಟೋರಿಯಾ ರಾಣಿ ಕಾಲದ ಇಂಗ್ಲೆಂಡಿನವು. ಬೇರೆ ಸಂಗ್ರಹಕಾರರ ಜೊತೆ ಅಂಚೆಯಲ್ಲೇ ಅದಲು ಬದಲು ಮಾಡಿಕೊಂಡು ನಲವತ್ತು ವರ್ಷ ಕೂಡಿಸಿದ್ದು. ಕೆಲವಕ್ಕೆ ಸುತ್ತ ರೇಷ್ಮೆ ಕುಚ್ಚು ಇದೆ. ಕೆಲವು ಬಿಡಿಸಿದರೆ ಎದ್ದು ನಿಲ್ಲುತ್ತವೆ.

ಮನೆಯಲ್ಲಿ ‘ಯಾರಿಗೆ ಬೇಕು ಈ ರದ್ದಿ’ ಅನ್ನುತ್ತಾರೆ. ನನಗೆ ಎಸೆಯಲು ಮನಸ್ಸಿಲ್ಲ, ಮಾರಲೂ ಮನಸ್ಸಿಲ್ಲ. ಯಾರು ಬೇಕಾದರೂ ನೋಡುವ ಹಾಗೆ ಇಂಟರ್‌ನೆಟ್ಟಿಗೆ ಹಾಕೋಣ ಅಂತಿದ್ದೇನೆ. ಮನೆಯ ಆಲ್-ಇನ್-ಒನ್ ಪ್ರಿಂಟರಿನಲ್ಲೇ ಸ್ಕ್ಯಾನ್ ಮಾಡಿದರೆ ಸಾಕಾ? ನಿನ್ನೆ ಹತ್ತು ಮಾಡಿ ನೋಡಿದೆ. ಒಂದರಲ್ಲಿ ಫಳಫಳ ಹೊಳೆಯುವ ಚಿನ್ನದ ಅಕ್ಷರ ಕೆಸರಿನ ಬಣ್ಣಕ್ಕೆ ಬಂದಿದೆ. ನಾನೇನು ತಪ್ಪು ಮಾಡಿದೆ?

ಬೆನ್ನುನೋಡಿ:

ತಪ್ಪು ನಿಮ್ಮದಲ್ಲ. ಸ್ಕ್ಯಾನರಿನ ದೀಪ ಒಂದೇ ಕೋನದಿಂದ ಬೀಳುತ್ತದೆ. ಚಿನ್ನದ ಲೇಪ ಕನ್ನಡಿಯ ಹಾಗೆ ಅದನ್ನು ಬೇರೆ ಕಡೆಗೆ ತಿರುಗಿಸಿಬಿಡುತ್ತದೆ, ಸೆನ್ಸರಿಗೆ ಸಿಗುವುದು ಕತ್ತಲೆ. ಅಂಥವನ್ನು ಕ್ಯಾಮೆರಾದಲ್ಲಿ ತೆಗೆಯಿರಿ. ಚಿನ್ನ ಮಿನುಗುವವರೆಗೆ ದೀಪವನ್ನು ಅತ್ತಿತ್ತ ಸರಿಸಿ. ಎದ್ದು ನಿಲ್ಲುವ ಕಾರ್ಡುಗಳಿಗೂ ಕ್ಯಾಮೆರಾನೇ ಸರಿ. ಮನೆಬಳಕೆಯ ಎಷ್ಟೋ ಸ್ಕ್ಯಾನರುಗಳಿಗೆ ಗಾಜಿನಿಂದ ಸ್ವಲ್ಪ ಮೇಲಿದ್ದರೂ ಮಸುಕು. ಕುಚ್ಚಿನ ಕಾರ್ಡಿನ ಮೇಲೆ ಮುಚ್ಚಳ ಒತ್ತಲೇಬೇಡಿ. ಚಪ್ಪಟೆ ಕಾರ್ಡುಗಳಿಗೆ ನಿಮ್ಮ ಯಂತ್ರ ಸಾಕು.

ಆದರೆ ಒಂದು ಮಾತು ಕೇಳಿ. ಬೆನ್ನನ್ನೂ ಒಳಗನ್ನೂ ಸ್ಕ್ಯಾನ್ ಮಾಡಿ. ಈ ಹೆಸರು ಇಟ್ಟುಕೊಂಡಿದ್ದೇ ಅದಕ್ಕೆ. ನಮ್ಮ ಮನೆಯ ಸಂಗ್ರಹ ಶುರು ಮಾಡಿದಾಗ ಚಂದದ ಮುಖ ಮಾತ್ರ ಸಾಕು ಅಂದುಕೊಂಡು 400 ಮುಗಿಸಿದ್ದೆ. ನೋಡಿದ ಮೊದಲನೆಯವರೇ ‘ಅಚ್ಚು ಹಾಕಿದವರು ಯಾರು?’ ಅಂದರು. ಆ ಹೆಸರು ಇರುವುದು ಬೆನ್ನಲ್ಲಿ, ಇರುವೆ ಗಾತ್ರದಲ್ಲಿ! ನಾನೂರನ್ನೂ ಮತ್ತೆ ಹೊರಗೆ ತೆಗೆದೆ. ಆ ಎರಡನೇ ಸುತ್ತಿನಲ್ಲೇ ಒಂದು ಕಾರ್ಡಿನ ಮಡಿಕೆ ಹರಿಯಿತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಬೆನ್ನಲ್ಲಿ ಚಿತ್ರ ಬಿಡಿಸುವ ಹಲಗೆ ಮತ್ತು ಬಣ್ಣದ ತಟ್ಟೆಯ ಗುರುತು ಇದ್ದರೆ ಅದು ಲಂಡನ್ನಿನ ರಾಫೆಲ್ ಟಕ್ ಕಂಪನಿಯದು. 1940ರ ಡಿಸೆಂಬರ್ 29ರ ರಾತ್ರಿ ಬಾಂಬ್ ದಾಳಿಯಲ್ಲಿ ಅವರ ಕಚೇರಿ ಸುಟ್ಟುಹೋಯಿತು. ಮೂಲ ಚಿತ್ರ, ದಾಖಲೆ ಎಲ್ಲಾ ಬೂದಿ. ಹಾಗಾಗಿ ಏನು ಅಚ್ಚಾಗಿತ್ತು ಅಂತ ಹುಡುಕುವವರಿಗೆ ನಿಮ್ಮಂಥವರ ಪೆಟ್ಟಿಗೆಯಲ್ಲಿರುವ ಕಾರ್ಡಿನ ಬೆನ್ನೇ ಗತಿ.

ಇನ್ನೊಂದು ಹೇಳಿಬಿಡುತ್ತೇನೆ. ನಮ್ಮಲ್ಲಿ ಸತ್ತ ರಾಬಿನ್ ಹಕ್ಕಿ ಹಿಮದಲ್ಲಿ ಅಂಗಾತ ಬಿದ್ದಿರುವ ಕ್ರಿಸ್‌ಮಸ್ ಕಾರ್ಡೊಂದಿದೆ. (ಹೌದು, ಆ ಕಾಲದವರಿಗೆ ಅದು ಶುಭಾಶಯ.) ಒಳಗೆ ಶಾಯಿಯಲ್ಲಿ ಒಂದು ಹೆಸರು. ಕಾಗದ ಅಲ್ಲಿ ಯಾಕೋ ಒರಟಾಗಿತ್ತು. ಕೋಣೆ ಕತ್ತಲೆ ಮಾಡಿ ಪಕ್ಕದಿಂದ ಟಾರ್ಚ್ ಬಿಟ್ಟರೆ, ಅಡಿಯಲ್ಲಿ ಉಜ್ಜಿ ಅಳಿಸಿದ ಪೆನ್ಸಿಲಿನ ಗೀರು. ಅಕ್ಷರ ಅಕ್ಷರವಾಗಿ ಓದಿದರೆ ಬೇರೆಯವರ ಹೆಸರು! ತಮಗೆ ಬಂದಿದ್ದನ್ನು ಇನ್ನೊಬ್ಬರಿಗೆ ದಾಟಿಸುವ ಚಾಳಿ ಆಗಲೂ ಇತ್ತು ನೋಡಿ. ಬೆಳಕು ನೇರ ಬಿದ್ದಾಗ ಅದು ಕಾಣುವುದೇ ಇಲ್ಲ. ಉಬ್ಬಚ್ಚಿನ ಕಾರ್ಡುಗಳಿಗೂ ಇದೇ ಟಾರ್ಚ್ ಉಪಾಯ.

ಸೆಟ್ಟಿಂಗ್ ಕೇಳುತ್ತೀರಿ ಅಂತ ಗೊತ್ತು. 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ), 24 ಬಿಟ್ ಬಣ್ಣ, ಮೂಲ ಪ್ರತಿ ಟಿಫ್‌ನಲ್ಲಿ (ಏನೂ ಕಳೆಯದೆ ಉಳಿಸುವ ದೊಡ್ಡ ಫೈಲು), ತೋರಿಸಲು ಜೆಪೆಗ್ (ಹಗುರ ಫೈಲು). ‘ಆಟೋ’ ಅಂತ ಇರುವುದನ್ನೆಲ್ಲಾ ಆಫ್ ಮಾಡಿ, ಇಲ್ಲದಿದ್ದರೆ ಅದು ಹಳದಿಯಾದ ಕಾಗದವನ್ನು ಸುಮ್ನೆ ಬೆಳ್ಳಗೆ ಮಾಡಿಡುತ್ತದೆ. 5×4 ಇಂಚಿನ ಒಂದು ಮುಖ ಸುಮಾರು 21.6 ಎಂಬಿ. ಕಾರ್ಡಿಗೆ ಮೂರು ಮುಖ ಅಂದರೂ ನಿಮಗೆ 74 ಜಿಬಿ ಆಸುಪಾಸು ಬೇಕು. ಎರಡು ಕಡೆ ಇಡಿ, ಒಂದು ಮನೆಯ ಹೊರಗಿರಲಿ. ನಂಬರನ್ನು ಕವರಿನ ಮೇಲೆ ಬರೆಯಿರಿ, ಕಾರ್ಡಿಗೆ ಪೆನ್ನು ತಾಗಿಸಬೇಡಿ.

ಕಾನೂನುಕಾಗೆ:

ಕಾರ್ಡು ನಿಮ್ಮದಾದ ಮಾತ್ರಕ್ಕೆ ಕಾಪಿರೈಟ್ ನಿಮ್ಮದಲ್ಲ, ಅದು ನೆನಪಿರಲಿ. ಬ್ರಿಟನ್ನಿನಲ್ಲಿ ಕಲಾವಿದರು ಸತ್ತ ಮೇಲೆ 70 ವರ್ಷ. ಆ ಕಾಲದ ಕಾರ್ಡುಗಳಿಗೆ ಚಿತ್ರ ಬರೆದ ಕೇಟ್ ಗ್ರೀನವೇ ತೀರಿಕೊಂಡದ್ದು 1901ರಲ್ಲಿ, ಅವರ ಚಿತ್ರಗಳಿಗೆ ಚಿಂತೆ ಇಲ್ಲ. ತೊಡಕಿರುವುದು ಬೆನ್ನುನೋಡಿ ಹೇಳಿದ ಕೈಬರಹದಲ್ಲೇ. 1969ಕ್ಕೆ ಮೊದಲು ತೀರಿಕೊಂಡವರ ಪ್ರಕಟವಾಗದ ಬರಹಕ್ಕೆ ಅಲ್ಲಿ 2039ರ ಕೊನೆವರೆಗೂ ಹಕ್ಕು ಉಳಿದಿರಬಹುದು. ‘ಇಂತಿ ನಿಮ್ಮ ಪ್ರೀತಿಯ’ ಅಂತ ಮೂರು ಪದಕ್ಕೆ ಯಾರೂ ಬರುವುದಿಲ್ಲ ಬಿಡಿ. ಪುಟ ತುಂಬಾ ಕಾಗದ ಬರೆದಿದ್ದರೆ, ಮನೆ ವಿಳಾಸ ಇದ್ದರೆ, ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ, ಹಾಕುವುದನ್ನು ಆಮೇಲೆ ಯೋಚಿಸಿ.

ಹಾಕಲು ವಿಕಿಮೀಡಿಯ ಕಾಮನ್ಸ್ (ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಜಾಲತಾಣ) ಒಳ್ಳೆಯದು. ಆದರೆ ಚಿತ್ರ ಮೂಲ ದೇಶದಲ್ಲೂ ಅಮೆರಿಕದಲ್ಲೂ ಕಾಪಿರೈಟ್ ಮುಗಿದದ್ದಾಗಿರಬೇಕು. ಯಾರಾದರೂ ಅದನ್ನು ಕಾಫಿ ಮಗ್ಗಿನ ಮೇಲೆ ಅಚ್ಚು ಹಾಕಿ ಮಾರಿದರೂ ನೀವು ಬೇಡ ಅನ್ನುವಂತಿಲ್ಲ. ಅದು ಸರಿ ಅನ್ನಿಸಿದರೆ ಮಾತ್ರ ಹಾಕಿ.

ಮರದಪೆಟ್ಟಿಗೆ:

ಮಗ್ಗಿನ ಮೇಲೆ ಬಂದರೆ ದೊಡ್ಡಮ್ಮ ಖುಷಿ ಪಡುತ್ತಿದ್ದರು!

ರಾತ್ರಿ ಆ ಚಿನ್ನದ ಅಕ್ಷರದ ಕಾರ್ಡನ್ನೇ ತಿರುಗಿಸಿ ಟಾರ್ಚ್ ಹಿಡಿದೆ. ಮೂಲೆಯಲ್ಲಿ ಪೆನ್ಸಿಲಿನಲ್ಲಿ ‘ಇದಕ್ಕೆ ಎರಡು ಗುಲಾಬಿ ಕೊಟ್ಟೆ’ ಅಂತ ಕನ್ನಡದಲ್ಲಿದೆ. ದೊಡ್ಡಮ್ಮನ ಕೈಬರಹ. ಗುಲಾಬಿ ಅಂದರೆ ಗುಲಾಬಿ ಚಿತ್ರದ ಕಾರ್ಡು ಇರಬೇಕು. ಇನ್ನೂ ಇಪ್ಪತ್ತು ತಿರುಗಿಸಿದೆ. ಒಂಬತ್ತರಲ್ಲಿ ಇಂಥದ್ದೇ ಲೆಕ್ಕ. ಒಂದರಲ್ಲಿ ‘ಮೋಸ ಹೋದೆ’ ಅಂತ ಮಾತ್ರ ಇದೆ. ಇದನ್ನೂ ತೋರಿಸಬಹುದಾ, ಅಥವಾ ಕಾರ್ಡು ಹಾಳಾಗಿದೆ ಅನ್ನುತ್ತಾರಾ?

ಬೆನ್ನುನೋಡಿ:

ಅಳಿಸಲು ಹೋಗಬೇಡಿ ಮಾರಾಯ್ರೇ! ಪಟ್ಟಿಯಲ್ಲಿ ಅದಕ್ಕೇ ಒಂದು ಕಾಲಮ್ ಮಾಡಿ, ಅವರು ಬರೆದ ಹಾಗೇ ಟೈಪ್ ಮಾಡಿ. ಆ ‘ಮೋಸ ಹೋದೆ’ ಕಾರ್ಡನ್ನು ಮೊದಲು ಹಾಕಿ, ನೋಡಬೇಕು.